ಬೋರ್ ಕೆಲಸವೇ ಮದ್ದಲ್ಲ

ಹಳೆಯ ಡೀಸೆಲ್ ಜೀಪು ಹೊಗೆ ಬಿಡತೊಡಗಿದರೆ ರಿಂಗು ಹೋಯಿತು, ಎಂಜಿನ್ ಬಿಚ್ಚಿ ಬೋರ್ ಕೆಲಸ ಮಾಡಿಸಬೇಕು. ಅಷ್ಟು ಖರ್ಚು ಬೇಡವೆಂದರೆ ಗುಜರಿಗೆ ಹಾಕಬೇಕು. ಹದಿನೈದು ವರ್ಷ ದಾಟಿದ ಫೋರ್‌ವೀಲ್ ಡ್ರೈವ್ ವಾಹನಗಳ ವಿಷಯದಲ್ಲಿ ಕೆಜಿಎಫ್ ಮತ್ತು ಬಂಗಾರಪೇಟೆಯಿಂದ ಹಿಡಿದು ಕರ್ನಾಟಕದ ಬಹುತೇಕ ಗ್ಯಾರೇಜುಗಳವರೆಗೆ ಬೇರೂರಿರುವ ಅಭಿಪ್ರಾಯವಿದು. ಮಾಲೀಕರು ಇದನ್ನು ನಂಬುತ್ತಾರೆ, ಮೆಕ್ಯಾನಿಕ್‌ಗಳು ಇದನ್ನೇ ಹೇಳುತ್ತಾರೆ, ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಇದರ ಮೇಲೆ ಬೆಲೆ ಕಟ್ಟುತ್ತಾರೆ. ಈ ಅಭಿಪ್ರಾಯ ತಪ್ಪು. ಡೀಸೆಲ್ ಎಂಜಿನ್ ವಯಸ್ಸಿನಿಂದ ಸಾಯುವುದಿಲ್ಲ. ಗಡಸು ನೀರು, ಧೂಳು, ಕೊಳೆ ಇಂಧನ, ಕಾಲಕ್ಕೆ ಬದಲಾಯಿಸದ ಆಯಿಲ್ ಅದನ್ನು ಕೊಲ್ಲುತ್ತವೆ. ನಾಲ್ಕರ ಮೂಲವೂ ಎಂಜಿನ್ ಬ್ಲಾಕಿನ ಹೊರಗಿದೆ. ಮೂಲವನ್ನು ಹಾಗೇ ಬಿಟ್ಟು ಒಳಗಿನ ಲೋಹವನ್ನು ಕೊರೆದು ಹೊಸದು ಮಾಡುವ ರಿಪೇರಿ ಮಾಲೀಕನ ಹಣವನ್ನೂ ಇನ್ನೂ ಬಾಳಬಹುದಾಗಿದ್ದ ಎಂಜಿನ್ನನ್ನೂ ಒಟ್ಟಿಗೆ ಕಳೆಯುತ್ತದೆ.

ವಾಹನ ಮತ್ತು ನೆಲ

ಈ ಸೀಮೆಗೆ ಫೋರ್‌ವೀಲ್ ಡ್ರೈವ್ ಶೋಕಿಗಾಗಿ ಬಂದದ್ದಲ್ಲ. ಬೂದಿಕೋಟೆ ಮತ್ತು ಕಾಮಸಮುದ್ರದ ಕಡೆಯ ಬಂಡೆಗುಡ್ಡ, ಕುರುಚಲು ಕಾಡು, ಕುಪ್ಪಂ ಮತ್ತು ಕೃಷ್ಣಗಿರಿಯ ಕಡೆಗೆ ಸಾಗುವ ಗಡಿದಾರಿ, ಟೊಮೆಟೊ ಹೊಲಗಳ ಮಣ್ಣುಹಾದಿ, ಗ್ರಾನೈಟ್ ಕ್ವಾರಿಗಳ ಏರು, ಇವೆಲ್ಲ ಅದನ್ನು ಕೆಲಸದ ಗಾಡಿಯಾಗಿ ಬೇಡಿದವು. ತಮಿಳುನಾಡಿನ ಕಡೆಯಿಂದ ಕಾಡಾನೆಗಳು ಗಡಿ ದಾಟಿ ಬಂದಾಗ ಅರಣ್ಯ ಸಿಬ್ಬಂದಿ ಹತ್ತುವುದೂ ಇಂಥ ಜೀಪನ್ನೇ.

ಕೆಎ-08 ನಂಬರಿನ ಹಳೆಯ ಗಾಡಿಗಳ ಬಾನೆಟ್ಟಿನ ಕೆಳಗೆ ಮೂರು ತಲೆಮಾರಿನ ಎಂಜಿನ್‌ಗಳು ಸಿಗುತ್ತವೆ. ಮೊದಲನೆಯದು ಮಹೀಂದ್ರ ಜೀಪುಗಳಿಗೆ ಬಂದ ಪ್ಯೂಜೊ ಮೂಲದ 2112 ಸಿಸಿ ಎಂಜಿನ್. ಇದರಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಪ್ರೀಚೇಂಬರಿನಲ್ಲಿ ಉರಿಯತೊಡಗುತ್ತದೆ. ಎರಡನೆಯದು ಬೊಲೆರೊ ಮತ್ತು ಥಾರ್ ಡಿಐ ಗಾಡಿಗಳ 2523 ಸಿಸಿ ಎಂಜಿನ್. ಇದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಸಿಂಪಡಣೆಯಾಗುತ್ತದೆ. ಮೂರನೆಯದು ಕಾಮನ್ ರೈಲ್: ಸ್ಕಾರ್ಪಿಯೊದ ಸಿಆರ್‌ಡಿಇ, ಅದರ ನಂತರದ 2179 ಸಿಸಿ ಎಂಹಾಕ್, ಟಾಟಾ ಸಫಾರಿಯ ಡೈಕಾರ್. ಈ ಮೂರರ ರೋಗಗಳು ಒಂದೇ ಬಗೆಯವಲ್ಲ. ಮೂರಕ್ಕೂ ಒಂದೇ ಮದ್ದು ಹೇಳುವ ಅಭಿಪ್ರಾಯ ಇಲ್ಲಿಯೇ ಮೊದಲ ಏಟು ತಿನ್ನುತ್ತದೆ.

ಪೂರ್ವಪಕ್ಷ

ಎದುರು ವಾದವನ್ನು ಅದರ ಪೂರ್ಣ ಬಲದಲ್ಲಿ ಮುಂದಿಡುವುದು ನ್ಯಾಯ. ಅದಕ್ಕೆ ಮೂರು ಕಂಬಗಳಿವೆ. ಲೋಹದ ಮೇಲೆ ಲೋಹ ಉಜ್ಜುವಾಗ ಸವೆತ ತಪ್ಪದು, ಎರಡು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ ಸವೆದೇ ಇರುತ್ತದೆ, ಹೊಗೆ ಅದಕ್ಕೆ ಸಾಕ್ಷಿ ಎಂಬುದು ಒಂದು. ಒಳಗೆ ಏನಾಗಿದೆಯೆಂದು ಬಿಚ್ಚದೆ ತಿಳಿಯುವಂತಿಲ್ಲ, ಬಿಚ್ಚಿದ ಮೇಲೆ ಎಲ್ಲವನ್ನೂ ಹೊಸದು ಮಾಡುವುದೇ ಲಾಭ, ಕೂಲಿ ಎರಡು ಸಲ ಬೀಳುವುದಿಲ್ಲ ಎಂಬುದು ಇನ್ನೊಂದು. ಹದಿನೈದು ವರ್ಷವಾದ ಮೇಲೆ ಸರ್ಕಾರವೇ ಗಾಡಿಯನ್ನು ಹೊರದೂಡುತ್ತಿದೆ, ಅಂಥದಕ್ಕೆ ಪರೀಕ್ಷೆ ಮಾಡಿಸುತ್ತ ಕೂರುವುದು ದಂಡ ಎಂಬುದು ಮೂರನೆಯದು.

ಮೊದಲ ಕಂಬದಲ್ಲಿ ಅರ್ಧ ಸತ್ಯವಿದೆ. ಸವೆತ ಇದ್ದೇ ಇದೆ. ಆದರೆ ಸರಿಯಾಗಿ ಓಡುವ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಮತ್ತು ಸಿಲಿಂಡರ್ ಗೋಡೆಯ ನಡುವೆ, ಬೇರಿಂಗು ಮತ್ತು ಕ್ರ್ಯಾಂಕಿನ ನಡುವೆ ಸದಾ ಆಯಿಲಿನ ತೆಳುಪದರ ಇರುತ್ತದೆ. ಆ ಪದರ ಮುರಿಯದಿದ್ದರೆ ಸವೆತ ಬಹಳ ನಿಧಾನ. ಪದರವನ್ನು ಮುರಿಯುವ ಶತ್ರುಗಳು ಪರಿಚಿತರು: ಅದರ ದಪ್ಪಕ್ಕೆ ಸಮನಾದ ಧೂಳಿನ ಕಣ, ಆಯಿಲಿಗೆ ಸೇರಿದ ಡೀಸೆಲ್, ಅತಿ ಬಿಸಿ, ಅತಿ ತಣ್ಣಗಿನ ಓಟ. ಇವು ಯಾವುವೂ ವಾಹನದ ಹುಟ್ಟಿದ ವರ್ಷವನ್ನು ನೋಡಿ ಬರುವುದಿಲ್ಲ. ಐದು ವರ್ಷದ ಗಾಡಿಯ ಎಂಜಿನ್ ಒಂದೇ ಬೇಸಿಗೆಯಲ್ಲಿ ಮುಗಿಯಬಹುದು. ಇಪ್ಪತ್ತೈದು ವರ್ಷದ್ದು ಮೂಲ ಬೋರಿನಲ್ಲೇ ಓಡುತ್ತಿರಬಹುದು.

ನೀರು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬಹುಕಾಲದಿಂದ ಜನ ಕೊಳವೆಬಾವಿಯನ್ನು ನಂಬಿದ್ದಾರೆ, ಎಷ್ಟೋ ಬಾವಿಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳು ಧಾರಾಳವಾಗಿರುತ್ತವೆ. ಫ್ಲೋರೈಡಿನ ಕಾಟಕ್ಕೂ ಈ ಜಿಲ್ಲೆ ಹೆಸರಾಗಿದೆ. ಈ ನೀರು ಪಾತ್ರೆಯ ತಳದಲ್ಲಿ ಬಿಳಿ ಕಿಟ್ಟ ಕಟ್ಟುವುದನ್ನು ಮನೆಮನೆಯಲ್ಲೂ ಕಾಣಬಹುದು. ಅದನ್ನೇ ರೇಡಿಯೇಟರಿಗೆ ಸುರಿದರೆ ಕಿಟ್ಟ ಸಿಲಿಂಡರಿನ ಹೊರಗೋಡೆಗೆ, ಹೆಡ್ಡಿನ ನೀರಿನ ದಾರಿಗೆ, ರೇಡಿಯೇಟರ್ ಕೊಳವೆಗಳಿಗೆ ಅಂಟಿಕೊಳ್ಳುತ್ತದೆ. ಈ ಕಿಟ್ಟ ಶಾಖವನ್ನು ಸಾಗಿಸುವ ಶಕ್ತಿ ಎರಕದ ಕಬ್ಬಿಣಕ್ಕಿಂತ ಇಪ್ಪತ್ತು ಪಟ್ಟಾದರೂ ಕಡಿಮೆ. ಒಂದು ಮಿಲಿಮೀಟರ್ ಕಿಟ್ಟವೆಂದರೆ ಗೋಡೆಯ ದಪ್ಪ ಅಂಗುಲದಷ್ಟು ಹೆಚ್ಚಿದ ಹಾಗೆ. ಹೊರಗೆ ಟೆಂಪರೇಚರ್ ಮುಳ್ಳು ಸರಿಯಾಗೇ ತೋರಿದರೂ ಒಳಗೆ ಹೆಡ್ಡು ಕಾದು ಬಾಗುತ್ತಿರುತ್ತದೆ.

ಲೋ ಗೇರಿನಲ್ಲಿ ಕ್ವಾರಿಯ ಏರನ್ನು ಹತ್ತುವ ಜೀಪಿಗೆ ಈ ತೊಂದರೆ ಇಮ್ಮಡಿ. ಎಂಜಿನ್ ಪೂರ್ಣ ಹೊರೆಯಲ್ಲಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ನಡೆಯುವ ಮನುಷ್ಯನಷ್ಟು, ರೇಡಿಯೇಟರಿಗೆ ಗಾಳಿ ಕೊಡಬೇಕಾದ್ದು ಫ್ಯಾನ್ ಒಂದೇ. ಫ್ಯಾನ್ ಬೆಲ್ಟ್ ಸಡಿಲವಿದ್ದರೆ, ವಿಸ್ಕಸ್ ಕಪ್ಲಿಂಗಿನ ಆಯಿಲ್ ಸೋರಿಹೋಗಿದ್ದರೆ, ರೇಡಿಯೇಟರ್ ಸುತ್ತಲಿನ ಶ್ರೌಡ್ ಮುರಿದುಹೋಗಿದ್ದರೆ ಹೀಟ್ ಆಗುವುದು ಖಚಿತ. ಇಂಥ ಗಾಡಿ ಗ್ಯಾರೇಜಿಗೆ ಬಂದರೆ ಹೆಡ್ ಗ್ಯಾಸ್ಕೆಟ್ ಬದಲಾಗುತ್ತದೆ, ಹೆಡ್ಡು ಪ್ಲೇನ್ ಆಗುತ್ತದೆ. ಕಿಟ್ಟ ಕಟ್ಟಿದ ಬ್ಲಾಕು, ಸಡಿಲ ಬೆಲ್ಟು ಇದ್ದಲ್ಲೇ ಇರುತ್ತವೆ. ಮುಂದಿನ ಬೇಸಿಗೆಗೆ ಅದೇ ಗ್ಯಾಸ್ಕೆಟ್ ಮತ್ತೆ ಹಾರುತ್ತದೆ. ಆಗ ‘ಎಂಜಿನ್ ಹಳೆಯದಾಯಿತು’ ಎಂಬ ತೀರ್ಪು ಬರುತ್ತದೆ.

ಇದಕ್ಕಿಂತ ದೊಡ್ಡ ಅಪಚಾರ ಥರ್ಮೋಸ್ಟಾಟ್ ಕಿತ್ತುಹಾಕುವ ಪದ್ಧತಿ. ‘ನಮ್ಮದು ಬಿಸಿ ದೇಶ, ಅದು ಬೇಕಿಲ್ಲ’ ಎಂಬ ಮಾತು ಕೇಳದ ಮಾಲೀಕನಿಲ್ಲ. ಥರ್ಮೋಸ್ಟಾಟ್ ಇರುವುದು ಎಂಜಿನ್ನನ್ನು ಬೇಗ ಕಾಯಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಹಿಡಿದಿಡಲು. ಅದಿಲ್ಲದ ಎಂಜಿನ್ ಡಿಸೆಂಬರಿನ ಬೆಳಗ್ಗೆ ಮೈಲುಗಟ್ಟಲೆ ತಣ್ಣಗೇ ಓಡುತ್ತದೆ. ತಣ್ಣಗಿನ ಸಿಲಿಂಡರ್ ಗೋಡೆಯ ಮೇಲೆ ಉರಿಯದ ಡೀಸೆಲ್ ಮತ್ತು ಆಮ್ಲೀಯ ಹಬೆ ತೇವವಾಗಿ ಕೂತು ಆಯಿಲನ್ನು ತೊಳೆಯುತ್ತವೆ, ಬೋರನ್ನು ತಿನ್ನುತ್ತವೆ. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚಬೇಕಾದ ಎಂಜಿನ್‌ಗಳಲ್ಲಿ ಇನ್ನೊಂದು ಅನಾಹುತವಿದೆ: ಕವಾಟ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿಗೇ ಮರಳುತ್ತದೆ. ಹೀಟ್ ತಪ್ಪಿಸಲೆಂದು ಮಾಡಿದ ಕೆಲಸವೇ ಏರಿನಲ್ಲಿ ಹೀಟ್ ತರುತ್ತದೆ. ಬೋರನ್ನು ಬೇಗ ಸವೆಸಿ, ಆಮೇಲೆ ಬೋರ್ ಕೆಲಸಕ್ಕೆ ಕರೆಯುವ ಈ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ಹೊರಮೈಗೆ ನೀರು ನೇರವಾಗಿ ತಾಗುವ ವೆಟ್ ಲೈನರ್ ಇರುವ ಎಂಜಿನ್‌ಗಳಲ್ಲಿ ಬರಿಯ ನೀರಿನ ಕೇಡು ಇನ್ನೂ ಆಳಕ್ಕೆ ಹೋಗುತ್ತದೆ. ಪ್ರತಿ ಸ್ಫೋಟಕ್ಕೂ ಲೈನರ್ ಸೂಕ್ಷ್ಮವಾಗಿ ಕಂಪಿಸುತ್ತದೆ, ಅದರ ಹೊರಮೈಯಲ್ಲಿ ಹಬೆಯ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆದ ಕಡೆ ಲೋಹ ಚುಕ್ಕೆಚುಕ್ಕೆಯಾಗಿ ಕೊರೆದುಹೋಗುತ್ತದೆ. ಕೊನೆಗೆ ತೂತು ಬಿದ್ದು ನೀರು ಸಿಲಿಂಡರಿಗೆ ಇಳಿಯುತ್ತದೆ. ತುಕ್ಕುನಿರೋಧಕ ಬೆರೆತ ಕೂಲಂಟ್ ಲೈನರಿನ ಮೇಲೆ ರಕ್ಷಣೆಯ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲಂಟನ್ನು ಸಮಪಾಲಿನಲ್ಲಿ ಬೆರೆಸಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚು ಒಂದು ಹೆಡ್ ಕೆಲಸದ ಖರ್ಚಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಧೂಳು

ಕೆಜಿಎಫ್‌ನ ಧೂಳು ಬೇರೆ ಊರಿನ ಧೂಳಿನಂತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದು ಉಳಿದ ಪುಡಿಯನ್ನು ದಿಬ್ಬಗಳಾಗಿ ಸುರಿಯಲಾಯಿತು. ಮೂರು ಕೋಟಿ ಟನ್ನಿಗೂ ಮಿಕ್ಕ ಈ ರಾಶಿಯನ್ನು ಜನ ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿಯ ತಿಂಗಳುಗಳಲ್ಲಿ ದಿಬ್ಬದ ಪುಡಿ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಬೀದಿಗಳಿಗೆ ಹಾರಿ ಬರುತ್ತದೆ. ಅದರಲ್ಲಿ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್, ಹೇರಳವಾಗಿದೆ. ಮೋಸ್ ಗಡಸುತನದ ಅಳತೆಯಲ್ಲಿ ಕ್ವಾರ್ಟ್ಸ್ 7. ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆತ್ತಗೆ, ಬೇರಿಂಗಿನ ಲೋಹವಂತೂ ತೀರಾ ಮೆತ್ತಗೆ. ಐದರಿಂದ ಇಪ್ಪತ್ತು ಮೈಕ್ರಾನ್ ಗಾತ್ರದ ಕಣಗಳೇ ಎಂಜಿನ್ನಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅವು ಆಯಿಲ್ ಪದರದ ದಪ್ಪಕ್ಕೆ ಹತ್ತಿರವಿದ್ದು ಎರಡೂ ಲೋಹಗಳನ್ನು ಒಟ್ಟಿಗೆ ಗೀರುತ್ತವೆ.

ಕಾಗದದ ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಹಾಕುವ ರೂಢಿ ಇಲ್ಲಿ ಎಂಜಿನ್ನಿಗೆ ಮರಣಪತ್ರ. ಜೋರು ಗಾಳಿ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಮಾಡುತ್ತದೆ. ನೋಡಲು ಚೊಕ್ಕಟ, ಒಳಗೆ ಜರಡಿ. ಹಳೆಯ ಜೀಪುಗಳ ಆಯಿಲ್ ಬಾತ್ ಕ್ಲೀನರಿನಲ್ಲಿ ಆಯಿಲ್ ಮಟ್ಟ ಇಳಿದಿದ್ದರೆ ಅಥವಾ ತಳದಲ್ಲಿ ಕೆಸರು ತುಂಬಿದ್ದರೆ ಅದೂ ಇದ್ದೂ ಇಲ್ಲದಂತೆ. ಫಿಲ್ಟರ್ ಹೊಸದಾಗಿದ್ದರೂ ಅದರಿಂದ ಮ್ಯಾನಿಫೋಲ್ಡ್ ಅಥವಾ ಟರ್ಬೊವರೆಗಿನ ರಬ್ಬರ್ ಹೋಸು ಮಡಿಕೆಯಲ್ಲಿ ಸೀಳಿದ್ದರೆ ಧೂಳಿಗೆ ಹೆದ್ದಾರಿ ತೆರೆದಂತೆಯೇ. ಹೋಸಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಸಾಕು: ಬಟ್ಟೆಗೆ ಮಣ್ಣು ಹತ್ತಿದರೆ ಸೋರಿಕೆ ಇದೆ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಹೊಸ ಪಿಸ್ಟನ್, ಹೊಸ ರಿಂಗು ಹಾಕಿದರೆ ಅವನ್ನೂ ಅದೇ ಕ್ವಾರ್ಟ್ಸ್ ತಿನ್ನುತ್ತದೆ.

ಹೊಗೆಯ ಸಾಕ್ಷ್ಯ

ಹೊಗೆ ಸಾಕ್ಷಿಯೆಂಬುದು ನಿಜ. ಆದರೆ ಅದು ರಿಂಗಿನ ಸಾಕ್ಷಿಯೇ ಆಗಬೇಕಿಲ್ಲ. ಕಪ್ಪು ಹೊಗೆ ಹೇಳುವುದು ಒಂದೇ: ಒಳಹೋದ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗಲಿಲ್ಲ. ಮುಚ್ಚಿದ ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸು, ಮಸಿ ಕಟ್ಟಿದ ಇಜಿಆರ್ ವಾಲ್ವ್, ತೊಟ್ಟಿಕ್ಕುವ ನಾಜಲ್, ಪಿಕಪ್ ಬೇಕೆಂದು ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚಿಸಿದ ಡೀಸೆಲ್ ಇದರ ಸಾಮಾನ್ಯ ಕಾರಣಗಳು. ಕೆಜಿಎಫ್ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ನೂರಕ್ಕೆ ಎಂಟರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಡೀಸೆಲ್ ಹೆಚ್ಚಿಸಿದರೆ ಇಲ್ಲಿ ಇನ್ನೂ ಬೇಗ ಕಪ್ಪು ಹೊಗೆ ಬರುತ್ತದೆ. ಈ ಪಟ್ಟಿಯಲ್ಲಿ ಒಂದಕ್ಕೂ ಬೋರ್ ಕೆಲಸ ಬೇಕಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಎಂಜಿನ್ ಕಾದ ಮೇಲೆ ನಿಲ್ಲುವ, ಕಣ್ಣು ಉರಿಸುವ ಬಿಳಿ ಹೊಗೆ ಉರಿಯದ ಡೀಸೆಲಿನದು. ಪ್ರೀಚೇಂಬರ್ ಎಂಜಿನ್‌ಗಳಲ್ಲಿ ಹೀಟರ್ ಪ್ಲಗ್ ಇದಕ್ಕೆ ಮೊದಲ ಕಾರಣ. ನಾಲ್ಕರಲ್ಲಿ ಎರಡು ಸತ್ತರೂ ಚಳಿಗಾಲದಲ್ಲಿ ಗಾಡಿ ಸೆಲ್ಫಿಗೆ ಒದ್ದಾಡುತ್ತದೆ, ‘ಕಂಪ್ರೆಷನ್ ಇಲ್ಲ’ ಎಂಬ ತೀರ್ಪು ಬೀಳುತ್ತದೆ. ಒಂದು ಟೆಸ್ಟ್ ಲ್ಯಾಂಪಿನಿಂದ ಸತ್ತ ಪ್ಲಗ್ಗನ್ನು ಹುಡುಕಬಹುದು. ಪಂಪಿನ ಟೈಮಿಂಗ್ ಹಿಂದೆ ಬಿದ್ದಿರುವುದು, ಡೀಸೆಲ್ ದಾರಿಯಲ್ಲಿ ಗಾಳಿ ಸೇರಿರುವುದು ನಂತರದ ಕಾರಣಗಳು. ಕಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹಬೆ ಬೇರೆ. ಅದು ಸಿಲಿಂಡರಿಗೆ ಕೂಲಂಟ್ ಇಳಿಯುತ್ತಿರುವ ಲಕ್ಷಣ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಬಣ್ಣ ಬದಲಾಯಿಸುವ ದ್ರಾವಣದ ಮೂಲಕ ಎಳೆದು ನೋಡಿದರೆ ಉರಿದ ಅನಿಲ ನೀರಿಗೆ ಸೇರುತ್ತಿದೆಯೇ ಎಂಬುದು ಹೆಡ್ ಬಿಚ್ಚದೆಯೇ ತಿಳಿಯುತ್ತದೆ.

ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಬೋರ್ ಕೆಲಸದ ಪಕ್ಷದವರು ಹೆಚ್ಚು ನೆಚ್ಚುವುದು ಇದನ್ನೇ. ಆದರೂ ಆಯಿಲ್ ಸಿಲಿಂಡರಿಗೆ ಬರಲು ರಿಂಗನ್ನು ಬಿಟ್ಟು ನಾಲ್ಕು ದಾರಿಗಳಿವೆ: ಗಟ್ಟಿಯಾದ ವಾಲ್ವ್ ಸೀಲು, ಟರ್ಬೊ ಶಾಫ್ಟಿನ ಸೋರಿಕೆ, ಮುಚ್ಚಿಹೋದ ಬ್ರೀದರ್, ಮಟ್ಟ ಮೀರಿ ತುಂಬಿದ ಆಯಿಲ್. ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ದಣಿದು ಬಂದ ಗಾಡಿಯನ್ನು ತಕ್ಷಣ ಆಫ್ ಮಾಡಿದರೆ ಅದರ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ, ವಾಪಸ್ ಪೈಪು ಕಟ್ಟಿಕೊಳ್ಳುತ್ತದೆ. ಇಳಿಯಲು ದಾರಿಯಿಲ್ಲದ ಆಯಿಲ್ ಸೀಲು ದಾಟಿ ಗಾಳಿಯ ದಾರಿಗೆ ಬರುತ್ತದೆ. ಎರಡು ಅಡಿ ಉದ್ದದ ಪೈಪಿನ ರೋಗಕ್ಕೆ ಇಡೀ ಎಂಜಿನ್ ಬಿಚ್ಚುವುದು ರಿಪೇರಿಯೆನಿಸದು.

ಇಂಧನ

ಹಳೆಯ ಎಂಜಿನ್ ‘ಮಿಸ್ಸಿಂಗ್’ ಹೊಡೆಯುವುದಕ್ಕೆ, ಏರಿನಲ್ಲಿ ಉಸಿರು ಕಟ್ಟುವುದಕ್ಕೆ ಡೀಸೆಲ್ ದಾರಿಯೇ ಹೆಚ್ಚು ಕಾರಣ. ಬೆಂಗಳೂರಿನ ಮೈಕೊ ಕಾರ್ಖಾನೆಯ ಪಂಪು ಮತ್ತು ನಾಜಲ್‌ಗಳು ದಶಕಗಳ ಕಾಲ ಈ ನಾಡಿನ ಡೀಸೆಲ್ ಗಾಡಿಗಳನ್ನು ಓಡಿಸಿವೆ. ಇಂದು ಬಾಷ್ ಎಂಬ ಹೆಸರು ಬಂದರೂ ಗ್ಯಾರೇಜಿನ ಮಾತಿನಲ್ಲಿ ಅದು ಮೈಕೊ ಪಂಪೇ. ಇವು ನಿಖರವಾದ ಯಂತ್ರಗಳು, ನೀರಿಗೂ ಕೊಳೆಗೂ ಸೋಲುವಂಥವು. ತೋಟದಲ್ಲಿ ಡ್ರಮ್ಮಿನಲ್ಲಿ ಕೂಡಿಟ್ಟ ಡೀಸೆಲ್ ರಾತ್ರಿಯ ತಣುಪಿಗೆ ತೇವ ಹಿಡಿಯುತ್ತದೆ, ಹಳೆಯ ಟ್ಯಾಂಕಿನ ತಳದಲ್ಲಿ ತುಕ್ಕು ಬೆಳೆಯುತ್ತದೆ. ಫಿಲ್ಟರಿನ ಕೆಳಗಿನ ನೀರಿನ ಸ್ಕ್ರೂ ಬಿಚ್ಚಿ ವಾರಕ್ಕೊಮ್ಮೆ ನೋಡುವ ಅಭ್ಯಾಸ ತಪ್ಪಿದರೆ ನಾಜಲ್ಲಿನ ತುದಿ ಕೆಡುತ್ತದೆ. ಪ್ರೀಚೇಂಬರ್ ಎಂಜಿನ್ನಿನ ನಾಜಲ್ ಸುಮಾರು 120 ಬಾರ್ ಒತ್ತಡಕ್ಕೆ, ಡಿಐ ಎಂಜಿನ್ನಿನದು 200 ಬಾರಿನ ಆಸುಪಾಸು ಅಥವಾ ಅದಕ್ಕಿಂತ ಮೇಲೆ ತೆರೆಯಬೇಕು, ಮಂಜಿನಂತೆ ಸಿಂಪಡಿಸಬೇಕು, ಮುಚ್ಚಿದ ಮೇಲೆ ತೊಟ್ಟಿಕ್ಕಬಾರದು. ಟೆಸ್ಟ್ ಬೆಂಚಿನ ಮೇಲೆ ಅರ್ಧ ಗಂಟೆಯಲ್ಲಿ ಇದು ಗೊತ್ತಾಗುತ್ತದೆ. ತೊಟ್ಟಿಕ್ಕುವ ನಾಜಲ್ ಹಾಗೇ ಉಳಿದರೆ ಪಿಸ್ಟನ್ ತಲೆಯನ್ನೇ ಕರಗಿಸಬಲ್ಲದು.

ಇಂಧನವೂ ಬದಲಾಗಿದೆ. 2017ರ ಏಪ್ರಿಲಿನಿಂದ ದೇಶದೆಲ್ಲೆಡೆ 50 ಪಿಪಿಎಂ, 2020ರ ಏಪ್ರಿಲಿನಿಂದ 10 ಪಿಪಿಎಂ ಗಂಧಕದ ಡೀಸೆಲ್ ಬಂತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಆರೊಮ್ಯಾಟಿಕ್ ಅಂಶಗಳೂ ಇಳಿಯುತ್ತವೆ. ಹಳೆಯ ಡೀಸೆಲಿನಲ್ಲಿ ಉಬ್ಬಿ ಕೂತಿದ್ದ ರಬ್ಬರ್ ಸೀಲುಗಳು ಹೊಸದರಲ್ಲಿ ಕುಗ್ಗಿ ಸೋರತೊಡಗುತ್ತವೆ. ಪಂಪು ಒದ್ದೆಯಾಗುತ್ತದೆ, ರಾತ್ರಿಯಿಡೀ ನಿಂತ ಗಾಡಿಗೆ ಬೆಳಗ್ಗೆ ಏರ್ ಲಾಕ್ ಆಗುತ್ತದೆ. ಇದಕ್ಕೆ ಬೇಕಾದ್ದು ಒಂದು ಸೀಲ್ ಕಿಟ್. ಮೆಕ್ಯಾನಿಕಲ್ ಫೀಡ್ ಪಂಪಿನ ಡಯಾಫ್ರಂ ಹರಿದರೆ ಡೀಸೆಲ್ ಸಂಪಿಗೆ ಇಳಿದು ಆಯಿಲಿನ ಮಟ್ಟ ಏರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹೆಚ್ಚಾಗುತ್ತಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು, ಏಕೆಂದರೆ ತೆಳುವಾದ ಆಯಿಲ್ ಬೇರಿಂಗನ್ನು ಉಳಿಸುವುದಿಲ್ಲ.

ಕಾಮನ್ ರೈಲ್ ಗಾಡಿಗಳಲ್ಲಿ ರೈಲಿನ ಒತ್ತಡ ಸುಮಾರು 200 ಬಾರ್ ಮುಟ್ಟದಿದ್ದರೆ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ನಾಲ್ಕು ಇಂಜೆಕ್ಟರುಗಳ ವಾಪಸ್ ಪೈಪಿಗೆ ನಾಲ್ಕು ಪಾರದರ್ಶಕ ಬಾಟಲಿ ಕಟ್ಟಿ ಸೆಲ್ಫ್ ಹೊಡೆದರೆ ಯಾವುದು ಹೆಚ್ಚು ಸೋರುತ್ತಿದೆಯೆಂದು ಕಣ್ಣಿಗೇ ಕಾಣುತ್ತದೆ. ಇಂಥ ಗಾಡಿಗಳ ಇನ್ನೊಂದು ದೊಡ್ಡ ಪಾಲು ದೂರು ತುಕ್ಕು ಹಿಡಿದ ಅರ್ಥ್ ತಂತಿಯಿಂದ, ಸಡಿಲ ಸೆನ್ಸರ್ ಕಪ್ಲರಿನಿಂದ ಬರುವಂಥದು. ವಯಸ್ಸಾಗುವುದು ಅಲ್ಲಿ ತಂತಿಗೆ, ಸಿಲಿಂಡರಿಗಲ್ಲ.

ಬಿಚ್ಚದೆ ತಿಳಿಯುವ ಬಗೆ

ಎರಡನೆಯ ಕಂಬಕ್ಕೆ ಉತ್ತರ ಇಲ್ಲಿದೆ. ಬಿಚ್ಚದೆ ತಿಳಿಯುವಂತಿಲ್ಲ ಎಂಬುದು ಅಳತೆಯ ಸಾಧನಗಳಿಲ್ಲದ ಕಾಲದ ಮಾತು. ಡೀಸೆಲ್ ಕಂಪ್ರೆಷನ್ ಗೇಜನ್ನು ಹೀಟರ್ ಪ್ಲಗ್ ಅಥವಾ ನಾಜಲ್ಲಿನ ತೂತಿಗೆ ಜೋಡಿಸಿ ಸೆಲ್ಫ್ ಹೊಡೆದರೆ ಪ್ರತಿ ಸಿಲಿಂಡರಿನ ಅಂಕಿ ದೊರೆಯುತ್ತದೆ. ಆರೋಗ್ಯವಂತ ಎಂಜಿನ್ನಿನಲ್ಲಿ ಅದು 25 ಬಾರ್ ಆಸುಪಾಸು ಇಲ್ಲವೇ ಮೇಲಿರುತ್ತದೆ. ನಿಖರವಾದ ಮಿತಿಯನ್ನು ಆಯಾ ಎಂಜಿನ್ನಿನ ಕೈಪಿಡಿ ಕೊಡುತ್ತದೆ. ಅಂಕಿಗಿಂತ ಮುಖ್ಯವಾದುದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ನಾಲ್ಕೂ ಸಮವಾಗಿ ತುಸು ಇಳಿದಿದ್ದರೆ ಎಂಜಿನ್ ಇನ್ನೂ ಬಹುದಿನ ಓಡೀತು. ಒಂದೇ ತೀರಾ ಇಳಿದಿದ್ದರೆ ಸುಟ್ಟ ವಾಲ್ವ್, ಹಾರಿದ ಗ್ಯಾಸ್ಕೆಟ್, ನೀರು ನುಂಗಿ ಬಾಗಿದ ಕನೆಕ್ಟಿಂಗ್ ರಾಡ್ ಎಂದು ಹುಡುಕಬೇಕು. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದಂಥ ಮಳೆಗಾಲದಲ್ಲಿ ಹಳ್ಳ ದಾಟುವ ಜೀಪಿಗೆ ಕೊನೆಯ ಅಪಾಯ ನಿಜವಾದದ್ದು. ನೀರು ಕುಡಿದು ನಿಂತ ಎಂಜಿನ್ನಿಗೆ ಮತ್ತೆ ಸೆಲ್ಫ್ ಹೊಡೆಯಬಾರದು. ನಾಜಲ್ ಅಥವಾ ಹೀಟರ್ ಪ್ಲಗ್ ಕಳಚಿ ನೀರು ಹೊರದೂಡಿದ ಮೇಲೆಯೇ ತಿರುಗಿಸಬೇಕು.

ಆಯಿಲ್ ಕ್ಯಾಪ್ ತೆಗೆದು ‘ಬ್ಯಾಕ್ ಕಂಪ್ರೆಷನ್’ ನೋಡುವ ಪದ್ಧತಿ ಎಲ್ಲರಿಗೂ ಗೊತ್ತು. ಆದರೆ ಬ್ರೀದರ್ ಕಟ್ಟಿದ್ದರೂ, ಟರ್ಬೊ ಸೋರುತ್ತಿದ್ದರೂ ಕ್ಯಾಪಿನಿಂದ ಹೊಗೆ ಹೊಡೆಯುತ್ತದೆ. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ. ಲೀಕ್‌ಡೌನ್ ಪರೀಕ್ಷೆ ಸಂಶಯ ಕಳೆಯುತ್ತದೆ: ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ ಸಿಲಿಂಡರಿಗೆ ಗಾಳಿ ತುಂಬಿದಾಗ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್, ಆಯಿಲ್ ಕ್ಯಾಪಿನಲ್ಲಿ ಬಂದರೆ ಮಾತ್ರ ರಿಂಗು. ಈ ಪರೀಕ್ಷೆಗಳೆಲ್ಲ ಒಂದೇ ದಿನದಲ್ಲಿ ಮುಗಿಯುತ್ತವೆ.

‘ಬಿಚ್ಚಿದ್ದೇವೆ, ಎಲ್ಲ ಹೊಸದು ಮಾಡೋಣ’ ಎಂಬ ಲೆಕ್ಕವೂ ಗಟ್ಟಿಯಲ್ಲ. ಕಾರ್ಖಾನೆಯಲ್ಲಿ ಕೂಡಿದ ಬ್ಲಾಕನ್ನು ಧೂಳು ಹಾರುವ ಅಂಗಳದಲ್ಲಿ ಬಿಚ್ಚಿ ಕೂಡಿಸುವುದೇ ಒಂದು ಅಪಾಯ. ಹೋನ್ ಮಾಡಿದ ಬೋರನ್ನು ಸೋಪುನೀರಿನಿಂದ ತಿಕ್ಕಿ ತೊಳೆಯದಿದ್ದರೆ ಉಳಿದ ಸಾಣೆಪುಡಿ ಹೊಸ ರಿಂಗನ್ನು ಮೊದಲ ಸಾವಿರ ಕಿಲೋಮೀಟರಿನಲ್ಲೇ ಸವೆಸುತ್ತದೆ. ಲೈನರ್ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಮೇಲೆ ನಿಲ್ಲಬೇಕೆಂಬ ಅಳತೆ ತಪ್ಪಿದರೆ ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಹೆಡ್ ಬಾಗುತ್ತದೆ. ನಕಲಿ ಪಿಸ್ಟನ್, ನಕಲಿ ಬೇರಿಂಗು ಸಂತೆಯಲ್ಲಿ ಸುಲಭವಾಗಿ ಸಿಗುತ್ತವೆ. ಹೀಗೆ ಆದ ಬೋರ್ ಕೆಲಸ ಹಳೆಯ ಆರೋಗ್ಯವಂತ ಎಂಜಿನ್ನಿಗಿಂತ ಬೇಗ ಕೈಕೊಡುವುದು ಆಶ್ಚರ್ಯವಲ್ಲ.

ಬೋರ್ ಕೆಲಸ ಬೇಕಾಗುವ ಸಂದರ್ಭಗಳು ಇವೆ, ಅವನ್ನು ಅಲ್ಲಗಳೆಯುವಂತಿಲ್ಲ. ಲೀಕ್‌ಡೌನ್‌ನಲ್ಲಿ ರಿಂಗಿನ ಸೋರಿಕೆ ದೃಢಪಟ್ಟು, ಕಂಪ್ರೆಷನ್ ಕೈಪಿಡಿಯ ಮಿತಿಗಿಂತ ಇಳಿದು, ಬೋರ್ ಗೇಜಿನಲ್ಲಿ ಸವೆತ ಅಥವಾ ಅಂಡಾಕಾರ ಮಿತಿ ದಾಟಿದ್ದರೆ; ಕಾದಾಗ ಆಯಿಲ್ ಪ್ರೆಷರ್ ಇಳಿದು ತಳದಿಂದ ಬೇರಿಂಗ್ ಬಡಿತ ಕೇಳುತ್ತಿದ್ದರೆ; ಲೈನರ್ ತೂತು ಬಿದ್ದಿದ್ದರೆ, ಪಿಸ್ಟನ್ ಹಿಡಿದುಕೊಂಡಿದ್ದರೆ ಬಿಚ್ಚಲೇಬೇಕು. ಆಗಲೂ ಮೊದಲ ಪ್ರಶ್ನೆ ಇದನ್ನು ಕೆಡಿಸಿದ್ದು ಯಾವುದು ಎಂಬುದೇ. ಆ ಉತ್ತರ ಸಿಗುವವರೆಗೆ ಹೊಸ ಪಿಸ್ಟನ್ ಕೊಳ್ಳುವುದು ವ್ಯರ್ಥ.

ಹದಿನೈದು ವರ್ಷದ ಮಾತು

ಮೂರನೆಯ ಕಂಬ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ನಿಷೇಧ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿ ಪ್ರದೇಶಕ್ಕೆ ಹೊರಡಿಸಿದ ಆದೇಶದಿಂದ ಬಂದದ್ದು. ಅದು ಕರ್ನಾಟಕದ ಕಾನೂನಲ್ಲ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದವುಗಳ ನೋಂದಣಿ ರದ್ದಾದದ್ದು ಸರ್ಕಾರಿ ವಾಹನಗಳದ್ದು. 2021ರಲ್ಲಿ ಬಂದ ಗುಜರಿ ನೀತಿ ಖಾಸಗಿ ಮಾಲೀಕನಿಗೆ ಐಚ್ಛಿಕ. ಎಫ್‌ಸಿ ಮತ್ತು ಹೊಗೆ ತಪಾಸಣೆಯಲ್ಲಿ ನಿಲ್ಲುವ ಗಾಡಿ ರಸ್ತೆಯಲ್ಲಿರಲು ಕಾನೂನು ಬಿಡುತ್ತದೆ.

ಹಳೆಯ ಡೀಸೆಲ್ ಗಾಳಿ ಕೆಡಿಸುತ್ತದೆ ಎಂಬ ಆಕ್ಷೇಪಣೆ ಗಂಭೀರವಾದದ್ದು. ಬಿಎಸ್-6 ಎಂಜಿನ್ನಿನಷ್ಟು ಶುದ್ಧವಾಗಿ ಹಳೆಯ ಎಂಜಿನ್ ಎಂದೂ ಓಡದು. ಆದರೆ ಕಾಮಸಮುದ್ರದ ರೈತನ ಬಳಿ ಹೊಸ ಗಾಡಿ ಕೊಳ್ಳುವ ಹಣವಿಲ್ಲ. ಅವನ ಮುಂದಿರುವುದು ಹೊಗೆ ಕಾರುವ ಹಳೆಯ ಜೀಪು ಅಥವಾ ಸರಿಪಡಿಸಿದ ಹಳೆಯ ಜೀಪು. ಕಪ್ಪು ಹೊಗೆಯ ಸಾಮಾನ್ಯ ಕಾರಣಗಳು ಫಿಲ್ಟರ್, ನಾಜಲ್ ಮತ್ತು ಪಂಪಿನಲ್ಲಿರುವಾಗ ಅವನ್ನು ಸರಿಪಡಿಸುವುದೇ ಗಾಳಿಗೂ ಮಾಡುವ ಉಪಕಾರ.

ಅಳತೆಯ ಊರು

ಅಳೆಯದೆ ಎಂಜಿನ್ ಬಿಚ್ಚುವ ಈ ದುರಭ್ಯಾಸ ಕೆಜಿಎಫ್‌ನಲ್ಲಿ ನೆಲೆಸಿರುವುದು ವಿಶೇಷವಾಗಿ ನೋವಿನ ಸಂಗತಿ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಆಳಕ್ಕೆ ಜನರನ್ನು ಇಳಿಸುವ ಹಗ್ಗವನ್ನು, ರಾಟೆಯನ್ನು ಕಾಲಕಾಲಕ್ಕೆ ತಪಾಸಣೆ ಮಾಡದೆ ಅಂಥ ಗಣಿ ನಡೆಯುವಂತಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಇಲ್ಲಿಯೇ ಬುಲ್ಡೋಜರ್, ಎಕ್ಸ್‌ಕವೇಟರುಗಳನ್ನು ತಯಾರಿಸುತ್ತ ಬಂದಿದೆ. ಇಂಥ ಯಂತ್ರಗಳ ನಿರ್ವಹಣೆ ನಡೆಯುವುದು ಅವರ್ ಮೀಟರ್ ನೋಡಿ: ಇಂತಿಷ್ಟು ಗಂಟೆಗೆ ಆಯಿಲ್, ಇಂತಿಷ್ಟು ಗಂಟೆಗೆ ಫಿಲ್ಟರ್, ನಡುವೆ ಆಯಿಲಿನ ಮಾದರಿಯಲ್ಲಿ ಕಬ್ಬಿಣ ಮತ್ತು ಸಿಲಿಕಾನ್ ಎಷ್ಟಿದೆಯೆಂಬ ಪರೀಕ್ಷೆ. ಸಿಲಿಕಾನ್ ಏರಿದರೆ ಧೂಳು ಒಳಹೋಗುತ್ತಿದೆಯೆಂದು ಸಿಲಿಂಡರ್ ಸವೆಯುವ ಮೊದಲೇ ತಿಳಿಯುತ್ತದೆ. ಆ ಶಿಸ್ತನ್ನು ಕೈಯಲ್ಲಿ ಕಲಿತು ನಿವೃತ್ತರಾದ ಫಿಟ್ಟರುಗಳು, ಟರ್ನರುಗಳು ಈ ಊರಿನಲ್ಲಿ ಇದ್ದಾರೆ. ಅವರ ತಿಳಿವಳಿಕೆ ಜೀಪಿನ ಗ್ಯಾರೇಜಿಗೆ ಬರಬೇಕು.

ಹಳೆಯ ಗಾಡಿ ಇಟ್ಟುಕೊಂಡವರು ಮಾಡಬೇಕಾದ್ದು ಹೆಚ್ಚಿಲ್ಲ. ರೇಡಿಯೇಟರಿಗೆ ಕೊಳವೆಬಾವಿ ನೀರು ಹಾಕದಿರುವುದು, ಥರ್ಮೋಸ್ಟಾಟನ್ನು ಇದ್ದಲ್ಲಿ ಉಳಿಸುವುದು, ಏರ್ ಫಿಲ್ಟರನ್ನು ಊದದೆ ಬದಲಾಯಿಸುವುದು, ಡೀಸೆಲ್ ಫಿಲ್ಟರಿನ ನೀರು ಇಳಿಸುವುದು, ಆಯಿಲನ್ನು ಕಾಲಕ್ಕೆ ಬದಲಾಯಿಸಿ ಅದರ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು. ಮೆಕ್ಯಾನಿಕ್‌ಗಳು ಒಂದು ಕಂಪ್ರೆಷನ್ ಗೇಜು, ಒಂದು ಲೀಕ್‌ಡೌನ್ ಕಿಟ್, ಒಂದು ಟಾರ್ಕ್ ರೆಂಚು ಇಟ್ಟುಕೊಳ್ಳಬೇಕು. ಪರೀಕ್ಷೆಗೆ ತೆಗೆದುಕೊಂಡ ಸಮಯಕ್ಕೆ ಕೂಲಿ ಕೇಳಲು ಹಿಂಜರಿಯಬಾರದು, ಮಾಲೀಕರು ಆ ಕೂಲಿ ಕೊಡಲು ಹಿಂಜರಿಯಬಾರದು. ಸಿಲಿಂಡರುಗಳ ಅಂಕಿಯನ್ನು ಕಾಗದದ ಮೇಲೆ ಕಾಣುವವರೆಗೆ ಯಾವ ಮಾಲೀಕನೂ ತನ್ನ ಎಂಜಿನ್ ಬಿಚ್ಚಲು ಒಪ್ಪಬಾರದು.